ಯಂತ್ರದ ಪಾಠವೂ ಮಗುವಿನ ಕಿವಿಯೂ



ಕೋಲಾರ ತಾಲ್ಲೂಕಿನ ಕ್ಯಾಲನೂರಿನಲ್ಲಿ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದಾಗ, ಆ ಮನೆಯ ಬಾಲಕಿಯೊಬ್ಬಳು ಮೊಬೈಲಿನಲ್ಲಿ ಗಣಿತದ ಪಾಠವನ್ನು ಕೇಳುತ್ತಿದ್ದಳು. ರೊಟ್ಟಿಯನ್ನು ನಾಲ್ಕು ಸಮನಾದ ಪಾಲು ಮಾಡಿರೆಂದು ಯಂತ್ರದ ಧ್ವನಿ ಹೇಳಿತು. ತೆರೆಯ ಮೇಲೆ ವೃತ್ತವೊಂದು ಮೂಡಿ, ಗೆರೆಗಳು ಬಿದ್ದು, ಮರೆಯಾಯಿತು. ರೊಟ್ಟಿಯಲ್ಲಿ ಹಾಲೆಲ್ಲಿದೆಯೆಂದು ಮಗು ತೆಲುಗಿನಲ್ಲಿ ಅಜ್ಜಿಯನ್ನು ಕೇಳಿತು. "ಇವಳಿಗೆ ಪಾಲು ಅಂದರೆ ಹಾಲು, ಬುದ್ಧೀ" ಎಂದು ಆ ತಾಯಿ ನಕ್ಕು, ತಟ್ಟೆಯಲ್ಲಿದ್ದ ರೊಟ್ಟಿಯನ್ನು ನಾಲ್ಕಾಗಿ ಮುರಿದು ತೋರಿಸಿದರು. ಅಷ್ಟರಲ್ಲಿ ಯಂತ್ರವು ಮುಂದಿನ ಲೆಕ್ಕಕ್ಕೆ ಹೋಗಿತ್ತು.

ಪಾಠವನ್ನು ಸಿದ್ಧಪಡಿಸಿದವರ ಶ್ರದ್ಧೆಯನ್ನು ನಾವು ಸಂಶಯಿಸುವುದಿಲ್ಲ. ಉಚ್ಚಾರಣೆ ಶುದ್ಧವಾಗಿತ್ತು, ಚಿತ್ರಗಳೂ ಅಂದವಾಗಿದ್ದವು. ಆದರೆ ಕೇಳುವ ಮಗುವಿನ ಮನೆಮಾತು ಯಾವುದೆಂಬ ವಿಚಾರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳಲ್ಲಿ ತೆಲುಗೇ ಆಡುಮಾತು. ಅಲ್ಲಿನ ಮಗುವಿಗೆ ಕಲ್ಲು ಎಂದರೆ ಹೆಂಡ, ಮಾಟ ಎಂದರೆ ಮಾತು. ಇದನ್ನು ಕೊರತೆಯೆಂದು ಎಣಿಸುವವರು, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೇ 1369ರಲ್ಲಿ ಭೀಮಕವಿಯ ಕೈಯಲ್ಲಿ ಕನ್ನಡವಾಯಿತೆಂಬುದನ್ನು ನೆನೆಯಬೇಕು. ಮಾಲೂರು ಸೀಮೆಯ ಮಾಸ್ತಿಯವರ ಮನೆಮಾತು ತಮಿಳಾಗಿತ್ತಷ್ಟೆ.

ದೂರದಿಂದ ಪಾಠ ಹೇಳುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿದಾಗ ರಾಯಚೂರು, ಬಿಜಾಪುರ, ಗುಲ್ಬರ್ಗಾ ಸೀಮೆಯ ಮಕ್ಕಳೂ ಬೆಳಗಿನ ಪಾಠವನ್ನು ಕಂಡರು. ಮುಂದೆ ಆಕಾಶವಾಣಿಯ 'ಕೇಳಿ ಕಲಿ' ಬಂತು; 2004ರಲ್ಲಿ ಎಜುಸ್ಯಾಟ್ ಬಂತು. ಇವುಗಳಿಗಿಂತ ನಮಗೆ ಹೆಚ್ಚು ವಿಚಾರಯೋಗ್ಯವಾಗಿ ಕಂಡದ್ದು 1970ರ ದಶಕದಲ್ಲಿ ಮಧ್ಯ ಅಮೆರಿಕದ ನಿಕರಾಗುವ ದೇಶದಲ್ಲಿ ನಡೆದ ರೇಡಿಯೋ ಗಣಿತ. ಅಲ್ಲಿ ಧ್ವನಿಯು ಪ್ರಶ್ನೆ ಕೇಳಿ ಸುಮ್ಮನಾಗುತ್ತಿತ್ತು; ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಿದ ಮೇಲೆಯೇ ಸರಿಯುತ್ತರ ಬರುತ್ತಿತ್ತು. ಗುರು ಒಮ್ಮೆ ಹೇಳಿದ್ದನ್ನು ಶಿಷ್ಯರು ಎರಡು ಬಾರಿ ಹೇಳುವ ನಮ್ಮ ಪಾಠಶಾಲೆಯ ಸಂಥೆಗೆ ಇದು ಎಷ್ಟು ಸಮೀಪವೆಂಬುದನ್ನು ಹಳೆಯ ವಿದ್ಯಾರ್ಥಿಗಳಿಗೆ ನಾವು ವಿವರಿಸಬೇಕಾಗಿಲ್ಲ.

ಆದರೂ ಒಂದು ಭೇದವುಂಟು. ನಮ್ಮ ಪ್ರಸಾದ ನಿಲಯದಲ್ಲಿ ಹುಡುಗರು ಕ್ಯಾಸೆಟ್ಟಿನಿಂದ ವಚನಗಾಯನ ಕಲಿಯುತ್ತಿದ್ದ ಕಾಲವೊಂದಿತ್ತು. ಸವೆದ ಟೇಪು ಒಂದೆಡೆ ಒಂದು ಪದವನ್ನು ನುಂಗುತ್ತಿತ್ತು. ಹುಡುಗರೂ ಭಕ್ತಿಯಿಂದ ಅಲ್ಲಿಯೇ ಉಸಿರು ಹಿಡಿದು ಮುಂದೆ ಹಾಡುತ್ತಿದ್ದರು! ನಾವೂ ಆ ಸಾಲಿನಲ್ಲಿದ್ದೆವು. ಪುಸ್ತಕ ತೆರೆದು ನೋಡುವವರೆಗೆ ಪದ ಹೋದದ್ದು ಯಾರಿಗೂ ತಿಳಿಯಲಿಲ್ಲ. ಧ್ವನಿ ಎಷ್ಟೇ ಇಂಪಾಗಿರಲಿ, ಅದು ಹೇಳಬಲ್ಲುದೇ ಹೊರತು ಕೇಳಿಸಿಕೊಳ್ಳಲಾರದು. ಇಂದಿನ ಕೆಲವು ಯಂತ್ರಗಳು ಮಾತಿಗೆ ಉತ್ತರವನ್ನೂ ಕೊಡುತ್ತವೆಯೆಂಬುದು ನಿಜ. ಆದರೆ ಮಗುವಿನ ಮುಖದ ಗೊಂದಲವನ್ನು ಕಂಡು ರೊಟ್ಟಿ ಮುರಿದದ್ದು ಅಜ್ಜಿ.

ಆದ್ದರಿಂದ ಗಡಿಸೀಮೆಯ ಮಕ್ಕಳಿಗೆ ಧ್ವನಿಪಾಠವೇ ಬೇಡವೆಂಬ ಕೆಲವು ಹಿರಿಯರ ಮಾತನ್ನು ನಾವು ಒಪ್ಪುವುದಿಲ್ಲ. ಮನೆಯಲ್ಲಿ ಕನ್ನಡವನ್ನು ಕೇಳದ ಮಗುವಿಗೆ ಅದನ್ನು ಮತ್ತೆ ಮತ್ತೆ ಕೇಳಿಸಲು ಇದಕ್ಕಿಂತ ಸುಲಭವಾದ ಸಾಧನವಿಲ್ಲ. ಆದರೆ ಪಾಠವು ಈ ಸೀಮೆಗೆಂದೇ ಸಿದ್ಧವಾಗಲಿ. ಎರಡು ನುಡಿಗಳಲ್ಲಿ ಅರ್ಥ ತೊಡಕುವ ಪದಗಳು ಮೊದಲೇ ಅದರಲ್ಲಿ ಬರಲಿ, ನಡುನಡುವೆ ಮೌನವಿರಲಿ, ಆ ಮೌನದಲ್ಲಿ ಮಾತನಾಡಲು ಶಿಕ್ಷಕರು ಪಕ್ಕದಲ್ಲಿರಲಿ.

ಕೋಲಾರ ಸೀಮೆಯ ಶಾಲೆಗಳಲ್ಲಿ ಶಿಕ್ಷಕರಾಗಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು, ತಾವು ತರಗತಿಯಲ್ಲಿ ಕಂಡ ಅಂಥ ಪದಗಳನ್ನು ಮಗು ಅವುಗಳಿಗೆ ಕೊಟ್ಟ ಅರ್ಥದೊಡನೆ ಬರೆದು ಕಳುಹಿಸಿದರೆ ಈ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟಿಸಲಾಗುವುದು.