ಪ್ರತಿಭೆಯ ಶಿಬಿರ ಮತ್ತು ಬಾಗಿಲಿನ ಪ್ರಶ್ನೆ

ಇಂಗ್ಲಿಷಿನವರು ಅಸಾಧಾರಣ ಬುದ್ಧಿಯ ಮಕ್ಕಳನ್ನು 'ಗಿಫ್ಟೆಡ್' ಎನ್ನುತ್ತಾರೆ. ಉರ್ದುವಿನಲ್ಲಿ ಇದಕ್ಕೆ ಬಹಳ ಹತ್ತಿರದ ಪದ 'ಖುದಾದಾದ್', ಅಂದರೆ ದೇವರು ಕೊಟ್ಟದ್ದು. ಕನ್ನಡದಲ್ಲಿ ನಾವು 'ಹುಟ್ಟು ಪ್ರತಿಭೆ' ಎನ್ನುತ್ತೇವೆ. ಮೂರು ಭಾಷೆಗಳೂ ಒಂದೇ ನಂಬಿಕೆಯನ್ನು ಹೇಳುತ್ತಿವೆ. ಇದು ಮಗು ಹುಟ್ಟುವಾಗಲೇ ತಂದದ್ದು. ಅಪ್ಪನ ಸಂಬಳಕ್ಕೂ ಅಮ್ಮನ ಓದಿಗೂ ಊರಿನ ಶಾಲೆಗೂ ಇದರಲ್ಲಿ ಪಾಲಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳು ಪ್ರತಿಭಾವಂತ ಶಾಲಾ ಮಕ್ಕಳಿಗಾಗಿ ನಡೆಸುವ ಬೇಸಿಗೆ ಶಿಬಿರಗಳು ಬಹುಪಾಲು ಈ ನಂಬಿಕೆಯ ಮೇಲೆಯೇ ನಿಂತಿವೆ. ಆ ನಂಬಿಕೆ ಎಷ್ಟು ಗಟ್ಟಿ ಎಂದು ಕೇಳದೆ ಶಿಬಿರಗಳನ್ನು ಹೊಗಳುವುದೂ ತೆಗಳುವುದೂ ಸುಲಭ.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಶಿಬಿರ. ಅದರ ಹಿಂದೆ ಇದ್ದವರು ಜೂಲಿಯನ್ ಸ್ಟ್ಯಾನ್ಲಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1968ರ ಬೇಸಿಗೆಯಲ್ಲಿ ಅವರ ಗಮನಕ್ಕೆ ಹನ್ನೆರಡು ವರ್ಷದ ಒಬ್ಬ ಹುಡುಗ ಬಂದ. ಶಾಲೆಯ ಪಾಠ ಅವನಿಗೆ ಬೇಸರ ತರಿಸಿತ್ತು. ಕಾಲೇಜು ಸೇರುವವರು ಬರೆಯುವ ಸ್ಯಾಟ್ ಪರೀಕ್ಷೆಯನ್ನು ಸ್ಟ್ಯಾನ್ಲಿ ಅವನಿಂದ ಬರೆಸಿದರು. ಹುಡುಗ ದೊಡ್ಡವರನ್ನೂ ಮೀರಿಸಿದ. ಹದಿಮೂರಕ್ಕೇ ವಿಶ್ವವಿದ್ಯಾಲಯ ಸೇರಿದ. ಈ ಅನುಭವದಿಂದ 1971ರಲ್ಲಿ ಒಂದು ದೀರ್ಘ ಅಧ್ಯಯನ, ಮರುವರ್ಷ ಪ್ರತಿಭಾಶೋಧ, 1979ರಲ್ಲಿ ಒಂದು ಪ್ರತ್ಯೇಕ ಕೇಂದ್ರ ಹುಟ್ಟಿಕೊಂಡವು. ಚಿಕ್ಕ ಮಕ್ಕಳಿಗೆ ದೊಡ್ಡವರ ಪರೀಕ್ಷೆ ಕೊಟ್ಟು ಆರಿಸುವುದು ಅದರ ವಿಧಾನ.

ಒಳಗೆ ನಡೆಯುವ ಕೆಲಸವನ್ನು ಮೆಚ್ಚಲೇಬೇಕು. ಮೂರು ವಾರ ಒಂದೇ ವಿಷಯದ ಪಾಠ. ಗಂಟೆಗೊಮ್ಮೆ ಪುಸ್ತಕ ಬದಲಿಸುವ ಗೋಳಿಲ್ಲ. ತರಗತಿಯಲ್ಲಿ ಕೈಯೆತ್ತಿದರೆ ಗೇಲಿಗೊಳಗಾಗುತ್ತಿದ್ದ ಮಗುವಿಗೆ ಅಲ್ಲಿ ತನ್ನಂಥವರೇ ಸಿಗುತ್ತಾರೆ. ಬುದ್ಧಿವಂತ ಮಗುವಿನ ಒಂಟಿತನ ಕಟ್ಟುಕತೆಯಲ್ಲ. ಅದನ್ನು ನೀಗಿಸುವುದು ಸಣ್ಣ ಕೆಲಸವೂ ಅಲ್ಲ.

ನನ್ನ ತಕರಾರು ಇರುವುದು ಬಾಗಿಲಿನ ಬಗ್ಗೆ. ಈ ಮೂರು ವಾರಗಳ ಶುಲ್ಕ ಹಲವು ಸಾವಿರ ಡಾಲರ್. ಬಡವರಿಗೆ ಧನಸಹಾಯವಿದೆ, ನಿಜ. ಆದರೆ ಹನ್ನೆರಡರ ಮಗು ಹದಿನೇಳರವರ ಪರೀಕ್ಷೆ ಬರೆಯಬಹುದು ಎಂದು ಗೊತ್ತಿರುವ ಮನೆ ಯಾವುದು? ಅರ್ಜಿ ತುಂಬಿ, ಕೊನೆಯ ದಿನಾಂಕ ನೆನಪಿಟ್ಟು, ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯುವಷ್ಟು ಬಿಡುವಿರುವ ತಾಯಿ ತಂದೆ ಯಾರು? ದೇವರು ಕೊಟ್ಟದ್ದನ್ನು ಹುಡುಕುತ್ತೇವೆ ಎಂದು ಹೊರಟವರ ಕೈಗೆ ಮೊದಲು ಸಿಗುವುದು ಮನೆ ಕೊಟ್ಟದ್ದು.

ಇದಕ್ಕೆ ಸಾಕ್ಷಿ ಆ ಸಂಶೋಧಕರ ಅಂಕಿಗಳಲ್ಲೇ ಇದೆ. ಗಣಿತದ ಸಾಮರ್ಥ್ಯದಲ್ಲಿ ಹುಡುಗರು ಹುಡುಗಿಯರಿಗಿಂತ ಮುಂದಿದ್ದಾರೆ ಎಂದು 1980ರಲ್ಲಿ ಕ್ಯಾಮಿಲಾ ಬೆನ್‌ಬೋ ಮತ್ತು ಸ್ಟ್ಯಾನ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಹದಿಮೂರು ತುಂಬುವ ಮೊದಲೇ ಸ್ಯಾಟ್ ಗಣಿತದಲ್ಲಿ 700 ಅಥವಾ ಹೆಚ್ಚು ಅಂಕ ಪಡೆದವರಲ್ಲಿ ಒಬ್ಬ ಹುಡುಗಿಗೆ 13 ಹುಡುಗರಿದ್ದಾರೆ ಎಂದು 1983ರಲ್ಲಿ ತಿಳಿಸಿದರು. ಹುಡುಗಿಯರ ಮಿದುಳಿನಲ್ಲೇ ಏನೋ ಕೊರತೆ ಎಂದು ಓದಿದವರು ಕಡಿಮೆಯಿಲ್ಲ. ಆದರೆ 1990ರ ದಶಕದ ಹೊತ್ತಿಗೆ ಆ ಅಂತರ ಒಬ್ಬಳಿಗೆ ಸುಮಾರು ನಾಲ್ವರು ಎಂಬಲ್ಲಿಗೆ ಇಳಿದಿತ್ತು. ಹತ್ತು ಹದಿನೈದು ವರ್ಷಗಳಲ್ಲಿ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಮನೆ, ಶಾಲೆ, ಹುಡುಗಿಯಿಂದ ಜನ ನಿರೀಕ್ಷಿಸುವ ರೀತಿ. ಮೊದಲ ಪರೀಕ್ಷೆಗಳಲ್ಲಿ ಹೊರಗುಳಿದ ಹುಡುಗಿಯರಿಗೆ ಮಾತ್ರ ಈ ತಿದ್ದುಪಡಿ ತಲುಪಲಿಲ್ಲ. ತಮಗೆ ಗಣಿತ ಒಗ್ಗದು ಎಂದುಕೊಂಡೇ ಎಷ್ಟು ಮಂದಿ ಬದುಕಿದರೋ!

ಇನ್ನೊಂದು ಸಂಗತಿ. 1976ರಿಂದ ಸ್ಟ್ಯಾನ್ಲಿ 563 ಮಕ್ಕಳ ಆಕಾರಪ್ರಜ್ಞೆಯನ್ನೂ ಪರೀಕ್ಷಿಸಿದರು; ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಅದು. ಮುಂದೆ ಯಾರು ಪೇಟೆಂಟ್ ಪಡೆದರು, ಸಂಶೋಧನಾ ಲೇಖನ ಬರೆದರು ಎಂದು 2013ರಲ್ಲಿ ಲೆಕ್ಕ ಹಾಕಿದಾಗ, ಭಾಷೆ ಗಣಿತಗಳ ಅಂಕ ಹೇಳದ ಕೆಲವನ್ನು ಈ ಶಕ್ತಿ ಹೇಳುತ್ತಿತ್ತು. ಬಡಗಿಯಲ್ಲಿ, ದರ್ಜಿಯಲ್ಲಿ, ಗ್ಯಾರೇಜಿನ ಹುಡುಗನಲ್ಲಿ ನಾವು ದಿನವೂ ನೋಡುವ ಶಕ್ತಿಯಿದು. ಬರೀ ಭಾಷೆ ಗಣಿತಗಳನ್ನು ಅಳೆಯುವ ಬಾಗಿಲು ಇದನ್ನು ಕಾಣುವುದೇ ಇಲ್ಲ.

ಬೇರೆ ಬಾಗಿಲು ಸಾಧ್ಯವಿಲ್ಲವೇ? ಟೆಲ್ಯುರೈಡ್ ಎಂಬ ಅಮೆರಿಕದ ಸಂಸ್ಥೆ 1954ರಿಂದಲೇ ವಿಶ್ವವಿದ್ಯಾಲಯಗಳ ಆವರಣದಲ್ಲಿ ಹೈಸ್ಕೂಲು ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತ ಬಂದಿದೆ. ಪಾಠ, ಊಟ, ವಸತಿ ಯಾವುದಕ್ಕೂ ಹಣವಿಲ್ಲ. ಅಂಕಪಟ್ಟಿಯಿಲ್ಲ, ರ್‍ಯಾಂಕಿಲ್ಲ. ಅರ್ಜಿಯ ಮುಖ್ಯ ಭಾಗ ಮಗು ಬರೆದ ಪ್ರಬಂಧಗಳು. ಪ್ರಬಂಧ ಬರೆಯುವ ಕಲೆಯೂ ಮನೆಯಿಂದಲೇ ಬರುತ್ತದೆಂದು ವಾದಿಸಬಹುದು. ಆದರೂ ಶುಲ್ಕವೆಂಬ ಒಂದು ಗೋಡೆಯಾದರೂ ಅಲ್ಲಿಲ್ಲ.

ನಮ್ಮಲ್ಲೂ ಈ ಮಾದರಿಗೆ ಹತ್ತಿರದ ಒಂದು ಯೋಜನೆಯಿತ್ತು. ಕೇಂದ್ರ ಸರ್ಕಾರ 1999ರಲ್ಲಿ ಆರಂಭಿಸಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿತ್ತು. ಪಿಯುಸಿ ಮಟ್ಟದಿಂದಲೇ ಆಯ್ಕೆ, ಫೆಲೋಶಿಪ್, ಜೊತೆಗೆ ವಿಜ್ಞಾನ ಶಿಬಿರಗಳು. ಶುಲ್ಕದ ಗೋಡೆ ಇರಲಿಲ್ಲವೆನ್ನಬಹುದು, ಭಾಷೆಯ ಗೋಡೆ ಇತ್ತು. ಪ್ರಶ್ನೆಪತ್ರಿಕೆ ಬರುತ್ತಿದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲೋ ಉರ್ದುವಿನಲ್ಲೋ ಹತ್ತು ವರ್ಷ ವಿಜ್ಞಾನ ಓದಿದ ಮಗು, ತನ್ನದೇ ರಾಜ್ಯದ ರಾಜಧಾನಿಯಲ್ಲಿ ತಯಾರಾದ ಪ್ರಶ್ನೆಯನ್ನು ಮೊದಲು ಅನುವಾದಿಸಿಕೊಂಡು ಆಮೇಲೆ ಯೋಚಿಸಬೇಕಿತ್ತು. 2022ರಲ್ಲಿ ಯೋಜನೆಯನ್ನು 'ಇನ್‌ಸ್ಪೈರ್' ಎಂಬ ಇನ್ನೊಂದರಲ್ಲಿ ಸೇರಿಸಿ ಮುಗಿಸಲಾಯಿತು. ಅದು ಹೋಯಿತೆಂದು ಮರುಗಿದವರನ್ನು ಕಂಡಿದ್ದೇನೆ. ಅದು ಯಾರನ್ನು ಒಳಗೆ ಬಿಡಲೇ ಇಲ್ಲವೆಂದು ಮರುಗಿದವರನ್ನು ಕಾಣೆ.

ಇಂಥ ಶಿಬಿರಗಳನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಕೊಡುವ ಕಲಿಕೆ ಒಳ್ಳೆಯದು. ಅದು ನೂರಕ್ಕೊಬ್ಬರಿಗೆ ಮಾತ್ರ ಒಳ್ಳೆಯದು ಎಂಬುದಕ್ಕೆ ಆಧಾರವಿಲ್ಲ. ಆಯ್ದವರು ತಮ್ಮ ಆಯ್ಕೆಯನ್ನು ಪ್ರಕೃತಿಯ ತೀರ್ಪೆಂದು ಹೇಳುವುದನ್ನು ಮೊದಲು ನಿಲ್ಲಿಸಲಿ. ಕರೆ ಬಾರದ ಮಗುವಿಗೆ 'ನಿನ್ನಲ್ಲಿ ಇಲ್ಲ' ಎಂದಲ್ಲ, 'ನಾವು ನಿನ್ನವರೆಗೆ ಬರಲಿಲ್ಲ' ಎಂದು ಹೇಳುವಷ್ಟು ಪ್ರಾಮಾಣಿಕತೆ ಅವರಿಗೆ ಬರಲಿ. ಅದು ಬಂದರೆ ಪರೀಕ್ಷೆಯ ಭಾಷೆ, ಶುಲ್ಕ, ಅರ್ಜಿ ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ.