ಚಿಟ್ಟಿ ಇಟ್ಟವರ ಹೆಸರೆಲ್ಲಿ?

ನಮ್ಮ ಕಡೆಯ ಯಕ್ಷಗಾನದ ಫೋಟೋಗಳಿಗೆ ಈಗ ಸಿಗುತ್ತಿರುವ ಹೊಗಳಿಕೆ ಕೊಂಚ ಅತಿಯಾಯಿತು. ಬಂಟ್ವಾಳದ ಗದ್ದೆಯಲ್ಲೋ ಬೆಳ್ತಂಗಡಿಯ ಶಾಲೆ ಮೈದಾನದಲ್ಲೋ ಆಟ ಮುಗಿಯುವ ಮೊದಲೇ ಮಹಿಷಾಸುರನ ಮುಖ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಮೂಲೆಯಲ್ಲಿ ಕ್ಯಾಮೆರಾದವರ ವಾಟರ್‌ಮಾರ್ಕ್, ಕೆಳಗೆ 'ಮಹಿಷಾಸುರ'. ವೇಷ ಮಾಡಿದವರು ಯಾರು? ಅದೊಂದು ಬಿಟ್ಟು ಎಲ್ಲ ಇರುತ್ತದೆ.

ಫೋಟೋ ಚೆನ್ನಾಗಿಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ಅದರಲ್ಲಿ ನಾವು ಕಣ್ಣು ಕೀಳದೆ ನೋಡುವುದು ಏನನ್ನು? ತೆಂಕುತಿಟ್ಟು ಶೈಲಿಯಲ್ಲಿ ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕನ್ನಡಿ ಮುಂದಿಟ್ಟುಕೊಂಡು ತಮ್ಮ ಮುಖಕ್ಕೆ ತಾವೇ ಬರೆದುಕೊಂಡದ್ದನ್ನು. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಲ್ಲಿ ತೆಗೆದು ಒಂದೊಂದೇ ಚಿಟ್ಟಿ, ಅಂದರೆ ಮುಳ್ಳಿನಂಥ ಚುಕ್ಕಿ, ಇಡಬೇಕು. ಹಿಟ್ಟು ನೀರಾದರೆ ಮುಳ್ಳು ಎದ್ದು ನಿಲ್ಲದು. ಒಂದರ ಮೇಲೊಂದು ಇಡುತ್ತಾ ಕೆನ್ನೆ, ಹಣೆ ತುಂಬುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಬೆಳಗ್ಗೆ ಅದನ್ನು ಕಿತ್ತು ಮುಖ ತೊಳೆದರೆ ಚಿತ್ರ ಮುಗಿಯಿತು. ಉಳಿಯುವ ಪ್ರತಿ ಆ ಫೋಟೋ ಒಂದೇ. ಬಣ್ಣದ ವೇಷದ ಕಲಾವಿದರೊಬ್ಬರನ್ನು 'ಬಣ್ಣದ ಮಾಲಿಂಗ' ಎಂದು ಕಸುಬನ್ನೇ ಹೆಸರಿಗೆ ಸೇರಿಸಿ ಕರೆದ ಸೀಮೆಯಲ್ಲಿ ಆ ಪ್ರತಿಯ ಮೇಲೆ ಬರೆದವರ ಹೆಸರಿಲ್ಲ.

ಇದನ್ನು ಎತ್ತಿದರೆ ಪಂಡಿತರು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯವರನ್ನು ಅಡ್ಡ ತರುತ್ತಾರೆ: ನಮ್ಮ ಪರಂಪರೆಯ ಕಲಾವಿದ ಹೆಸರಿಗೆ ಆಸೆಪಟ್ಟವನಲ್ಲವಂತೆ. ಮೂಡುಬಿದಿರೆಯ ಚೌಟರ ಅರಮನೆಯ ಕಂಬದಲ್ಲಿ ಒಂಬತ್ತು ಹೆಣ್ಣುಗಳನ್ನು ಹೆಣೆದು ಆನೆ ಮಾಡಿದ ಆಚಾರಿ ಸಹಿ ಹಾಕಿದನೇ ಎಂದು ಕೇಳುತ್ತಾರೆ. ಹಾಗಾದರೆ ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಕಲ್ಲಿನ ಮೇಲೆ ಹೆಸರು ಕೊರೆದದ್ದು ಯಾಕೆ? ಅವರು ಪರಂಪರೆಯ ಹೊರಗಿನವರೇ? ಹಳೆಯದು ಬಿಡಿ. ಧರ್ಮಸ್ಥಳದ 39 ಅಡಿಯ ಬಾಹುಬಲಿ ಪ್ರತಿಷ್ಠೆಯಾದದ್ದು 1982ರಲ್ಲಿ. ಕಾರ್ಕಳದಲ್ಲಿ ಅದನ್ನು ಕೆತ್ತಿದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಹೆಸರು ಗೊತ್ತು, ಊರು ಗೊತ್ತು. ಆದರೂ ಆ ಮೂರ್ತಿಯ ಫೋಟೋ ಹಂಚುವವರು 'ಶುಭೋದಯ' ಬರೆಯುತ್ತಾರೆ, ಶೆಣೈಯವರ ಹೆಸರು ಬರೆಯುವುದಿಲ್ಲ. ಇದು ಪರಂಪರೆಯಲ್ಲ, ಶುದ್ಧ ಉದಾಸೀನ.

ಕಾನೂನು ಈ ಪಂಡಿತರಿಗಿಂತ ವಾಸಿ. ಸಾರ್ವಜನಿಕರು ಹೋಗಿಬರುವ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪದ ಫೋಟೋ ತೆಗೆಯಲು, ಪ್ರಕಟಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ ಅಡ್ಡಿಯಿಲ್ಲ. ಆದರೆ 2012ರ ತಿದ್ದುಪಡಿಯಲ್ಲಿ ಬಂದ 38ಬಿ ಕಲಮಿನ ಪ್ರಕಾರ, ಈ ಪ್ರದರ್ಶನ ನನ್ನದು ಎಂದು ಗುರುತಿಸಿಕೊಳ್ಳುವ ಹಕ್ಕು ಪ್ರದರ್ಶಕನಿಗಿದೆ. ಬಣ್ಣದ ವೇಷದವರು ಕೋರ್ಟಿಗೆ ಹೋಗಬೇಕಾಗಿಲ್ಲ. ಫೋಟೋ ತೆಗೆಯುವವರು ರಂಗಸ್ಥಳದ ಮುಂದೆ ಕೂರುವ ಮೊದಲು ಒಮ್ಮೆ ಚೌಕಿಗೆ ಹೋಗಿ ಹೆಸರು ಕೇಳಿ ಬರೆದುಕೊಳ್ಳಲಿ. ಹೆಸರಿಲ್ಲದ ಚಿತ್ರವನ್ನು ನೀವೂ ಮುಂದಕ್ಕೆ ಕಳಿಸಬೇಡಿ.