ನಿಂತಿದ್ದ ಮಾತ್ರಕ್ಕೆ ನೋವಿಲ್ಲವೇ?

ಐನೂರು ಕಿಲೋ ತೂಕದ ಕುದುರೆಗೆ ಪೂರ್ಣ ಅರಿವಳಿಕೆ ಕೊಟ್ಟು ಮಲಗಿಸುವುದಕ್ಕಿಂತ ಅದನ್ನು ಮತ್ತೆ ಎಬ್ಬಿಸುವುದೇ ಕಷ್ಟ. ಮಲಗಿದಷ್ಟು ಹೊತ್ತೂ ಅದರದೇ ಭಾರಕ್ಕೆ ಕೆಳಬದಿಯ ಸ್ನಾಯುಗಳು ನಲುಗುತ್ತವೆ. ಎಚ್ಚರಾಗುವಾಗ ಅರೆಪ್ರಜ್ಞೆಯಲ್ಲೇ ಧಡಕ್ಕನೆ ಏಳಲು ಹೋಗಿ ಕಾಲು ಮುರಿದುಕೊಳ್ಳುವುದೂ ಉಂಟು. 41,824 ಕುದುರೆಗಳ ದಾಖಲೆ ಕೂಡಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ಣ ಅರಿವಳಿಕೆಯ ಬಳಿಕ ಏಳು ದಿನದೊಳಗೆ ಶೇ 1.9ರಷ್ಟು ಸತ್ತಿದ್ದವು. ಹೊಟ್ಟೆಶೂಲೆಯ ಕುದುರೆಗಳನ್ನು ಬಿಟ್ಟರೂ ಅದು ಶೇ 0.9. ಇದೇ ಅಧ್ಯಯನ ಸರಣಿಯ 2021ರ ವರದಿಯಲ್ಲಿ ಒಟ್ಟು ಪ್ರಮಾಣ ಶೇ 1ಕ್ಕೆ ಇಳಿದಿತ್ತು. ಮಂಪರು ಕೊಟ್ಟು ನಿಲ್ಲಿಸಿಯೇ ಚಿಕಿತ್ಸೆ ಮಾಡಿದ ಕುದುರೆಗಳಲ್ಲಿ ಶೇ 0.2.

ನಿಂತ ಕುದುರೆಯ ಶಸ್ತ್ರಚಿಕಿತ್ಸೆಯನ್ನು ಹೊಗಳುವವರು ಈ ಕೊನೆಯ ಅಂಕಿಯನ್ನೇ ಮುಂದಿಡುತ್ತಾರೆ. ಅದರ ಮೇಲೆ ಅಷ್ಟು ಭಾರ ಹೇರುವುದು ಸರಿಯಲ್ಲ. ಕರುಳು ತಿರುಚಿಕೊಂಡು ಸಾವಿನಂಚಿಗೆ ಬಂದ ಕುದುರೆಯ ಹೊಟ್ಟೆಯನ್ನು ನಿಲ್ಲಿಸಿಕೊಂಡು ತೆರೆಯಲಾಗದು. ನಿಲ್ಲಿಸಲು ಆರಿಸಿದ ಕುದುರೆ ಮೊದಲೇ ಗಟ್ಟಿಮುಟ್ಟಾದದ್ದು. ಆದರೂ ನಾನು ಈ ಪದ್ಧತಿಯ ಪರ. ನನ್ನ ತಕರಾರು ಅದನ್ನು ಅರ್ಧ ಮಾತ್ರ ಅನುಸರಿಸುವವರ ಬಗ್ಗೆ.

ಮಂಪರಿನ ಮದ್ದಾದ ಡೆಟೊಮಿಡಿನ್, ಜೊತೆಗೆ ಬ್ಯೂಟಾರ್ಫನಾಲ್ ರಕ್ತನಾಳಕ್ಕೆ ಹೋದರೆ ಕುದುರೆ ತಲೆ ತಗ್ಗಿಸಿ, ಕೆಳದುಟಿ ಜೋಲಿಸಿ, ಟ್ರೆವಿಸ್ ಎಂಬ ಕಂಬಗಳ ಚೌಕಟ್ಟಿನೊಳಗೆ ಮರದ ಹಾಗೆ ನಿಲ್ಲುತ್ತದೆ. ಈ ಮದ್ದುಗಳು ನೋವನ್ನೂ ಕೊಂಚ ತಗ್ಗಿಸುತ್ತವೆ, ನಿಜ. ಹಾಗೆಂದು ಚರ್ಮ ಸೀಳುವ, ಹಲ್ಲು ಕೀಳುವ ನೋವನ್ನು ತಡೆಯುವಷ್ಟಲ್ಲ. ಅಂಥ ಕುದುರೆ ಕೂಡ ಗುರಿಯಿಟ್ಟಂತೆ ಒದೆಯಬಲ್ಲದು. ಒದೆಯಲಿಲ್ಲವೆಂದರೆ ನೋವಾಗಲಿಲ್ಲ ಎಂದೂ ಅಲ್ಲ. ಕದಲಿದಾಗಲೆಲ್ಲ ಇನ್ನಷ್ಟು ಮಂಪರು ಏರಿಸುತ್ತ ಹೋಗುವುದು ನೋವಿಗೆ ಮಾಡುವ ಚಿಕಿತ್ಸೆಯಲ್ಲ, ಬರೀ ಅಡಗಿಸುವಿಕೆ. ಅದು ಅತಿಯಾದರೆ ಕುದುರೆ ಕಾಲ ಮೇಲೆ ನಿಲ್ಲಲಾರದೆ ತೂರಾಡುತ್ತದೆ, ನಿಲ್ಲಿಸಿದ ಉದ್ದೇಶವೇ ಕೆಡುತ್ತದೆ.

ನೋವು ತಡೆಯುವುದು ನರದ ಬುಡಕ್ಕೆ ಬೀಳುವ, ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಅಥವಾ ಮೆಪಿವಕೇನ್. ಮೇಲ್ದವಡೆಯ ಹಲ್ಲಿಗೆ ಮ್ಯಾಕ್ಸಿಲರಿ ನರ, ಕೆಳದವಡೆಗೆ ಮ್ಯಾಂಡಿಬ್ಯುಲರ್ ನರ. ಲ್ಯಾಪರೊಸ್ಕೋಪಿನಲ್ಲಿ ಅಂಡಾಶಯ ತೆಗೆಯುವಾಗ ಪಕ್ಕೆಯ ಹಿಂದಿನ ಹಳ್ಳವನ್ನು ಮರಗಟ್ಟಿಸಿದರೆ ಸಾಲದು, ಅಂಡಾಶಯ ನೇತಾಡುವ ಪದರಕ್ಕೂ ಮದ್ದು ತುಂಬಬೇಕು. ಚರ್ಮದಲ್ಲಿ ನೋವಿಲ್ಲದ ಕುದುರೆ ಆ ಪದರವನ್ನು ಎಳೆದ ಕ್ಷಣ ಬೆಚ್ಚಿಬೀಳುತ್ತದೆ. ಕಣ್ಣಿನ ವಿಷಯದಲ್ಲಿ ಎಡವುವುದು ಇನ್ನೂ ಸುಲಭ. ಆರಿಕ್ಯುಲೊಪಾಲ್ಪೆಬ್ರಲ್ ನರಕ್ಕೆ ಮದ್ದು ಕೊಟ್ಟರೆ ರೆಪ್ಪೆ ಮುಚ್ಚಲಾಗದೆ ಸಡಿಲವಾಗುತ್ತದಷ್ಟೆ. ರೆಪ್ಪೆಯ ಸ್ಪರ್ಶಜ್ಞಾನ ಹಾಗೇ ಉಳಿದಿರುತ್ತದೆ. ನೋಡುವವರಿಗೆ ಕಣ್ಣು ಜಡವಾದಂತೆ ಕಾಣುತ್ತದೆ, ಕತ್ತರಿ ತಾಗಿದಾಗ ಕುದುರೆಗೆ ಎಲ್ಲವೂ ಗೊತ್ತಾಗುತ್ತದೆ.

ಹೀಗೆ ನರ ಮರಗಟ್ಟಿಸುವ ಬ್ಲಾಕ್ ಚೆನ್ನಾಗಿ ಹಿಡಿದಾಗಲೂ ಆತಂಕ ಇದ್ದದ್ದೇ. ಮ್ಯಾಂಡಿಬ್ಯುಲರ್ ಬ್ಲಾಕಿನ ಮದ್ದು ಪಕ್ಕದ ನಾಲಿಗೆಯ ನರಕ್ಕೂ ಹರಡಿದರೆ ಕುದುರೆ ತನ್ನ ನಾಲಿಗೆಯನ್ನೇ ಅಗಿದುಕೊಂಡೀತು. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಕಾಲೆಲುಬಿನ ಬಿರುಕನ್ನೂ ಕುದುರೆ ನಿಂತಿರುವಾಗಲೇ ಸ್ಕ್ರೂ ಹಾಕಿ ಸರಿಪಡಿಸಿದರು. 34 ಕುದುರೆಗಳ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಧೈರ್ಯದ ಕೆಲಸ, ಮೆಚ್ಚಲೇಬೇಕು. ಆದರೆ ಬಿರುಕಿನ ಕಾಲನ್ನು ಅದುವರೆಗೆ ಕಾಪಾಡಿದ್ದು ನೋವು. ಅದರ ಭಯಕ್ಕೇ ಕುದುರೆ ಆ ಕಾಲಿನ ಮೇಲೆ ಭಾರ ಹಾಕುತ್ತಿರಲಿಲ್ಲ. ನರ ಮರಗಟ್ಟಿದೊಡನೆ ಆ ಕಾವಲು ಹೋಗುತ್ತದೆ, ಕುದುರೆ ಕಾಲೂರುತ್ತದೆ, ಬಿರುಕು ಪೂರ್ತಿ ಮುರಿತವಾಗಬಹುದು. ಎಲುಬು ಸ್ಥಳ ಬಿಟ್ಟು ಸರಿಯದ ಬಿರುಕುಗಳಿಗೆ ಮಾತ್ರ ಈ ಕ್ರಮ ಸಲ್ಲುವುದು ಅದಕ್ಕೇ.

ನಮ್ಮ ಪಶುವೈದ್ಯರಿಗೆ ನಿಂತ ಪ್ರಾಣಿಯ ಶಸ್ತ್ರಚಿಕಿತ್ಸೆ ಹೊಸತಲ್ಲ. ನಿಂತ ಹಸುವಿನ ಪಕ್ಕೆ ಕೊಯ್ದು ಕರು ತೆಗೆಯುವುದು, ಹೊಟ್ಟೆಯಿಂದ ಪ್ಲಾಸ್ಟಿಕ್ ಹೊರತೆಗೆಯುವುದು ಅವರಿಗೆ ಕೈವಶವಾದ ಕೆಲಸ. ಆ ಅನುಭವವನ್ನು ಹಾಗೇ ಕುದುರೆಗೆ ಸಾಗಿಸಲಾಗದು. ಬಾಲದ ಬುಡದಲ್ಲಿ ಬೆನ್ನೆಲುಬಿನ ಸಂದಿಗೆ ಚುಚ್ಚುವ ಎಪಿಡ್ಯೂರಲ್‌ನಲ್ಲಿ ಮದ್ದು ಹೆಚ್ಚಾಗಿ ಹಿಂಗಾಲು ಸೋತರೆ ಹಸು ಸಾಮಾನ್ಯವಾಗಿ ಸುಮ್ಮನೆ ಕುಸಿದು ಕೂರುತ್ತದೆ. ಕುದುರೆ ಗಾಬರಿಯಿಂದ ಹೋರಾಡುತ್ತದೆ, ಸುತ್ತಲಿನವರಿಗೂ ಪೆಟ್ಟಾಗುತ್ತದೆ. ಹೀಗಾಗಿ ಕುದುರೆಯ ಎಪಿಡ್ಯೂರಲಿಗೆ ಲಿಗ್ನೊಕೇನಿನ ಅಳತೆ ಕೆಲವೇ ಮಿಲಿಲೀಟರು. ಬಾಲ ಜೋತಿತೇ, ಗುದದ ಸುತ್ತ ಚುಚ್ಚಿದರೆ ಪ್ರತಿಕ್ರಿಯೆ ನಿಂತಿತೇ ಎಂದು ನೋಡಿ, ಅಗತ್ಯವಿದ್ದಷ್ಟು ಕಾದು, ಆಮೇಲೆ ಚಾಕು ಎತ್ತಬೇಕು. ಕಾಯುವ ಆ ಹತ್ತಿಪ್ಪತ್ತು ನಿಮಿಷಗಳನ್ನು ಉಳಿಸಲು ಇನ್ನೊಂದು ಸಿರಿಂಜ್ ಮಂಪರು ಹಾಕುವ ವೈದ್ಯರ ಕೈಗೆ ನನ್ನ ಕುದುರೆಯನ್ನು ನಾನು ಒಪ್ಪಿಸಲಾರೆ.